ಮೀನು, ಚಿಪ್ಪು ಮತ್ತು ಇಂದ್ರಿಯಗಳ ಲೆಕ್ಕ

ದಿಗಂಬರ ಸಂಪ್ರದಾಯದಂತೆ 18ನೆಯ ತೀರ್ಥಂಕರರಾದ ಶ್ರೀ ಅರನಾಥ ಸ್ವಾಮಿಯ ಲಾಂಛನ ಮೀನು; 22ನೆಯ ತೀರ್ಥಂಕರರಾದ ಶ್ರೀ ನೇಮಿನಾಥ ಸ್ವಾಮಿಯ ಲಾಂಛನ ಶಂಖ. ಎರಡೂ ನೀರಿನ ಜೀವಿಗಳೇ. ಆದರೆ ಆಗಮದ ಜೀವವಿಭಾಗದಲ್ಲಿ ಅವುಗಳ ಸ್ಥಾನ ಬೇರೆ ಬೇರೆ. ಮೀನು ಪಂಚೇಂದ್ರಿಯ ಜಲಚರ. ಶಂಖ ಹಾಗೂ ಚಿಪ್ಪುಗಳಲ್ಲಿ ವಾಸಿಸುವ ಜೀವ ಸ್ಪರ್ಶನ ಮತ್ತು ರಸನ ಎಂಬ ಎರಡೇ ಇಂದ್ರಿಯಗಳುಳ್ಳದ್ದು. ಅದಕ್ಕೆ ಪ್ರಾಣಗಳು 6. ಎರಡೂ ತ್ರಸಜೀವಗಳು. ಅಣುವ್ರತಿಯಾದ ಗೃಹಸ್ಥನು ಸಂಕಲ್ಪಪೂರ್ವಕವಾಗಿ ತ್ರಸಜೀವವನ್ನು ಹಿಂಸಿಸಬಾರದೆಂಬುದು ನಮಗೆಲ್ಲ ತಿಳಿದ ವಿಷಯ.

ಇಂದಿನ ವಿದ್ಯಾವಂತ ಯುವಕರು ಈ ವಿಷಯದಲ್ಲಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಮೊದಲನೆಯದು: "ಮೀನಿಗೆ ನೋವಿನ ಅರಿವಿಲ್ಲವಂತೆ, ಚಿಪ್ಪಿನ ಜೀವಿಗೆ ಮಿದುಳೇ ಇಲ್ಲವಂತೆ. ಹಾಗಾದರೆ ಹಿಂಸೆ ಎಲ್ಲಿಯದು?" ಎರಡನೆಯದು: "ಕೆಲವು ಚಿಪ್ಪುಗಳಿಗೆ ಕಣ್ಣುಗಳಿವೆಯಂತೆ. ಹಾಗಾದರೆ ದ್ವೀಂದ್ರಿಯವೆಂಬ ಲೆಕ್ಕ ನಿಲ್ಲುವುದೇ?" ಈ ಪ್ರಶ್ನೆಗಳನ್ನು ಗದರಿಸಿ ಸುಮ್ಮನಾಗಿಸುವುದು ಧರ್ಮಪ್ರಭಾವನೆಯಲ್ಲ. ಆ ಜೀವಿಗಳ ಶರೀರರಚನೆಯನ್ನೇ ಮೊದಲು ನೋಡೋಣ.

ಮೀನಿನ ಹೃದಯಕ್ಕೆ ಎರಡು ಕೋಣೆಗಳು. ಕಿವಿರುಗಳ ಮೂಲಕ ಅದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರುತ್ತದೆ. ಅದರ ಮೂಗಿನ ಹೊಳ್ಳೆಗಳು ಉಸಿರಾಟಕ್ಕಲ್ಲ, ವಾಸನೆಗೆ ಮಾತ್ರ. ಹೊರಗೆ ಕಿವಿ ಕಾಣದಿದ್ದರೂ ತಲೆಯೊಳಗೆ ಕಿವಿಗಲ್ಲುಗಳಿವೆ. ಮರದ ಕಾಂಡದಂತೆ ಅವುಗಳಲ್ಲಿ ಮೂಡುವ ವರ್ಷದ ಉಂಗುರಗಳನ್ನು ಎಣಿಸಿ ಮೀನಿನ ವಯಸ್ಸನ್ನು ಹೇಳುತ್ತಾರೆ. ಬಹುತೇಕ ಮೀನುಗಳಿಗೆ ಮುಚ್ಚುವ ರೆಪ್ಪೆಗಳಿಲ್ಲ. ದೇವತೆಗಳಿಗೂ ಮೀನಿಗೂ 'ಅನಿಮಿಷ' ಎಂಬ ಒಂದೇ ಹೆಸರು ಬಂದಿರುವುದು ಇದರಿಂದಲೇ. ಬೆಕ್ಕುಮೀನಿನ ಜಾತಿಯವಕ್ಕೆ ಬಾಯಲ್ಲಷ್ಟೇ ಅಲ್ಲದೆ ಮೀಸೆಗಳಲ್ಲಿಯೂ ಮೈಚರ್ಮದಲ್ಲಿಯೂ ರುಚಿಯನ್ನರಿಯುವ ಮೊಗ್ಗುಗಳಿವೆ. ಇವಲ್ಲದೆ ಮೈಯ ಎರಡೂ ಪಕ್ಕಗಳಲ್ಲಿ ಓಡುವ ಪಾರ್ಶ್ವರೇಖೆಯೊಂದಿದೆ. ನೀರಿನ ಅತಿ ಸೂಕ್ಷ್ಮ ಚಲನೆಯನ್ನೂ ಮೀನು ಅದರಿಂದ ಅರಿಯುತ್ತದೆ. ಪಂಚೇಂದ್ರಿಯವೆಂದು ಪೂರ್ವಾಚಾರ್ಯರು ಹೇಳಿದ್ದನ್ನು ಶರೀರಶಾಸ್ತ್ರವು ಪುಷ್ಟೀಕರಿಸುತ್ತದೆ.

ನೋವಿನ ಪ್ರಶ್ನೆಯಲ್ಲಿ ವಿಜ್ಞಾನಿಗಳು ಒಮ್ಮತದಿಂದಿಲ್ಲ. ಮನುಷ್ಯರ ಮಿದುಳಿನ ಹೊರಪದರದಂತಹ ರಚನೆ ಮೀನಿಗಿಲ್ಲ, ಆದ್ದರಿಂದ ಅದು ನೋವನ್ನು ಅನುಭವಿಸಲಾರದು ಎಂದು 2002ರಲ್ಲಿ ಅಮೆರಿಕದ ಜೇಮ್ಸ್ ರೋಸ್ ವಾದಿಸಿದರು. ಮರುವರ್ಷವೇ, 2003ರಲ್ಲಿ, ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ಗಾಯವನ್ನೂ ಸುಡುವ ಶಾಖವನ್ನೂ ಗ್ರಹಿಸುವ ನರತುದಿಗಳಿರುವುದನ್ನು ತೋರಿಸಿದರು. ತುಟಿಗೆ ಜೇನಿನ ವಿಷವನ್ನೋ ಆಮ್ಲವನ್ನೋ ಚುಚ್ಚಿದಾಗ ಆ ಮೀನುಗಳ ಉಸಿರಾಟ ಏರಿತು. ಬಹುಹೊತ್ತು ಅವು ಆಹಾರ ಮುಟ್ಟಲಿಲ್ಲ. ಆಮ್ಲ ಚುಚ್ಚಿಸಿಕೊಂಡವು ತುಟಿಯನ್ನು ತೊಟ್ಟಿಯ ಕಲ್ಲುಗಳಿಗೆ ಉಜ್ಜಿಕೊಂಡವು. ಈ ಜ್ಞಾನ ಬಂದದ್ದೂ ಚುಚ್ಚುವುದರಿಂದಲೇ ಎಂಬುದನ್ನು ನಮ್ಮ ಓದುಗರು ಗಮನಿಸದೆ ಇರಲಾರರು. ಮೀನಿಗೆ ನೋವಿದೆಯೆಂದು ತಿಳಿಯಲು ಅದನ್ನು ನೋಯಿಸಬೇಕಾಯಿತು.

ಇನ್ನು ಚಿಪ್ಪಿನ ಜೀವಿ. ಮುತ್ತಿನ ಚಿಪ್ಪಿಗೆ ತಲೆಯಿಲ್ಲ, ಮಿದುಳಿಲ್ಲ, ಅಲ್ಲಲ್ಲಿ ನರಗಂಟುಗಳಿವೆ. ಕಿವಿರು, ಹೃದಯ, ಜಠರಗಳಿವೆ. ಎರಡು ಕವಚಗಳನ್ನು ಬಿಗಿಹಿಡಿಯುವ ಬಲವಾದ ಸ್ನಾಯುವಿದೆ. ಮೈಯನ್ನು ಹೊದ್ದ ಮೆದುವಾದ ಪೊರೆಯ ಅಂಚು ಸ್ಪರ್ಶವನ್ನು ಅರಿಯುತ್ತದೆ; ಅಪಾಯ ತೋರಿದೊಡನೆ ಕವಚ ಮುಚ್ಚಿಕೊಳ್ಳುತ್ತದೆ. ಬೀಸಣಿಗೆಯಾಕಾರದ ಸ್ಕ್ಯಾಲಪ್ ಎಂಬ ಚಿಪ್ಪಿಗಂತೂ ಪೊರೆಯ ಅಂಚಿನುದ್ದಕ್ಕೂ ಹತ್ತಾರು ಕಣ್ಣುಗಳು. ಕೆಲವಕ್ಕೆ 200ರವರೆಗೂ ಇರುತ್ತವೆ. ಶಂಖದೊಳಗಿನ ಜೀವಿಗೂ ಗ್ರಾಹಿಗಳ ಬಳಿ ಪುಟ್ಟ ಕಣ್ಣುಗಳಿವೆ.

ಹಾಗಾದರೆ ಶಾಸ್ತ್ರ ತಪ್ಪೇ? ಒಂದೊಂದು ಜಲಜೀವಿಯ ಅಂಗಾಂಗಗಳ ಪಟ್ಟಿಯನ್ನು ಕೊಡುವುದು ಇಂದ್ರಿಯವಿಭಾಗದ ಪ್ರಯೋಜನವಲ್ಲ. ಅಹಿಂಸೆಯ ಕ್ಷೇತ್ರ ಎಷ್ಟು ಕೆಳಗಿನವರೆಗೆ ಹಬ್ಬಿದೆ ಎಂದು ಶ್ರಾವಕನಿಗೆ ತಿಳಿಸುವುದು ಅದರ ಪ್ರಯೋಜನ. ಎರಡೇ ಇಂದ್ರಿಯಗಳಿದ್ದರೂ ಅದು ರಕ್ಷಣೆಗೆ ಅರ್ಹವೆಂದಾಗ, ಮೂರೋ ನಾಲ್ಕೋ ಇವೆಯೆಂದು ಕಂಡುಬಂದರೆ ನಮ್ಮ ಹೊಣೆ ಹೆಚ್ಚುವುದೇ ಹೊರತು ಕುಗ್ಗುವುದಿಲ್ಲ. ಬಂಡೆಗೆ ಅಂಟಿಕೊಂಡು ಅಲುಗದ ಚಿಪ್ಪು ತ್ರಸವಾಗುವುದು ಹೇಗೆಂಬ ಸಂಶಯಕ್ಕೂ ಉತ್ತರವಿದೆ. ಚಲಿಸುವುದರಿಂದಲೇ ತ್ರಸವೆಂದರೆ ಗರ್ಭಸ್ಥ ಶಿಶುವೂ ಮೂರ್ಛಿತನೂ ತ್ರಸರಾಗಲಾರರು. ಆದ್ದರಿಂದ ತ್ರಸತ್ವಕ್ಕೆ ಕಾರಣ ನಾಮಕರ್ಮದ ಉದಯವೇ ಹೊರತು ಚಲನೆಯಲ್ಲವೆಂದು ಟೀಕಾಕಾರರು ನಿರ್ಣಯಿಸಿದ್ದಾರೆ.

ನೋವಿನ ಸಂದೇಹಕ್ಕೂ ಇದೇ ದಾರಿಯಲ್ಲಿ ಸಮಾಧಾನವುಂಟು. ಆಚಾರ್ಯ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದ ಮತ್ತು ಪ್ರಾಣಹರಣ ಎಂಬ ಎರಡನ್ನು ಹಿಡಿದರು. ನೋವಿನ ಅಳತೆಯನ್ನು ಷರತ್ತಾಗಿ ಇಡಲಿಲ್ಲ. ಸಾಯುವ ಜೀವಿಗೆ ಎಷ್ಟು ನೋವಾಯಿತೆಂಬುದನ್ನು ಪ್ರಯೋಗಶಾಲೆ ನಿರ್ಣಯಿಸಲಿ. ಕೊಲ್ಲುವವನ ಆತ್ಮದಲ್ಲಿ ಕಷಾಯವಿತ್ತೇ, ಅಜಾಗರೂಕತೆಯಿತ್ತೇ ಎಂಬುದನ್ನು ಅವನೇ ಬಲ್ಲ.

ವ್ಯಾಪಾರಿಗಳಾದ ನಮಗೆ ಇದನ್ನು ಅರಿಯಲು ಇನ್ನೊಂದು ಸುಲಭ ಮಾರ್ಗವಿದೆ. ಲೆಕ್ಕಶಾಸ್ತ್ರದಲ್ಲಿ ಎಚ್ಚರಿಕೆಯ ನಿಯಮವೊಂದುಂಟು. ಕೈಗೆ ಬಾರದ ಲಾಭವನ್ನು ಪುಸ್ತಕಕ್ಕೆ ಏರಿಸಬಾರದು; ಆಗಬಹುದಾದ ನಷ್ಟಕ್ಕೆ ಮಾತ್ರ ಮುಂಚಿತವಾಗಿಯೇ ಅವಕಾಶ ಕಲ್ಪಿಸಬೇಕು. ವಸೂಲಾಗುವುದು ಸಂದೇಹವಿರುವ ಸಾಲವನ್ನು ಪೂರ್ಣವಾಗಿ ಬಂದೀತೆಂದು ಬರೆದುಕೊಳ್ಳುವ ವರ್ತಕನು ತನಗೆ ತಾನೇ ಮೋಸ ಮಾಡಿಕೊಳ್ಳುತ್ತಾನೆ. "ಬಹುಶಃ ನೋವಾಗಲಾರದು" ಎಂಬುದು ಅಂತಹ ಬಾರದ ಲಾಭ. ಹಣದ ವಿಷಯದಲ್ಲಿ ತೋರುವ ಈ ಎಚ್ಚರಿಕೆಯನ್ನು ಪರಜೀವದ ವಿಷಯದಲ್ಲಿ ಬಿಟ್ಟುಬಿಟ್ಟರೆ ನಮ್ಮ ವಿವೇಕಕ್ಕೆ ಅರ್ಥವೇನು?

ಲೌಕಿಕ ಕಾನೂನೂ ಈಗ ಇತ್ತ ನಡೆಯುತ್ತಿದೆ. ಬ್ರಿಟನ್ನಿನ 2022ರ ಕಾಯಿದೆಯು ಮೀನುಗಳೊಂದಿಗೆ ಏಡಿ, ಸಿಗಡಿ, ಅಷ್ಟಪದಿಗಳನ್ನೂ ಸಂವೇದನೆಯುಳ್ಳ ಜೀವಿಗಳೆಂದು ಗಣಿಸಿತು; ಚಿಪ್ಪುಗಳನ್ನು ಹೊರಗಿಟ್ಟಿತು. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ನಮ್ಮ ದೇಶದ 1960ರ ಕಾಯಿದೆಯಾದರೋ ಮನುಷ್ಯನ ಹೊರತು ಯಾವುದೇ ಜೀವಂತ ಪ್ರಾಣಿಯೆಂಬ ವಿಶಾಲ ವ್ಯಾಖ್ಯೆಯನ್ನು ಕೊಟ್ಟಿದೆ.

ನಾವು ಮೀನು ತಿನ್ನುವುದಿಲ್ಲವಲ್ಲ, ಇದೆಲ್ಲ ನಮಗೇಕೆ ಎನ್ನುವವರುಂಟು. ನಮ್ಮ ಪರೀಕ್ಷೆ ಊಟದ ಎಲೆಯಲ್ಲಿಲ್ಲ, ಆಭರಣದ ಪೆಟ್ಟಿಗೆಯಲ್ಲಿಯೂ ಔಷಧದ ಡಬ್ಬಿಯಲ್ಲಿಯೂ ಇದೆ. ಜಪಾನಿನ ಮಿಕಿಮೊಟೊ 1893ರಲ್ಲಿ ಅರೆಗೋಳದ ಮುತ್ತನ್ನು ಬೆಳೆಸಿ ತೋರಿಸಿದರು. ನಮ್ಮ ತೂತ್ತುಕುಡಿಯಲ್ಲಿ 1973ರಲ್ಲಿ ಗುಂಡುಮುತ್ತಿನ ಕೃಷಿ ಸಾಧ್ಯವಾಯಿತು. ಕೃಷಿಯೆಂಬ ಸೌಮ್ಯವಾದ ಹೆಸರಿನ ಹಿಂದಿನ ಕ್ರಿಯೆ ಹೀಗಿದೆ: ಒಂದು ಚಿಪ್ಪನ್ನು ಕೊಂದು ಅದರ ಪೊರೆಯ ತುಣುಕನ್ನು ತೆಗೆಯುತ್ತಾರೆ, ಇನ್ನೊಂದು ಚಿಪ್ಪನ್ನು ಬಲವಂತವಾಗಿ ತೆರೆದು, ಮೈಯನ್ನು ಸೀಳಿ, ಆ ತುಣುಕನ್ನೂ ಒಂದು ಮಣಿಯನ್ನೂ ಒಳಗಿಡುತ್ತಾರೆ. ಜಪಾನಿನ ಅಕೋಯಾ ಚಿಪ್ಪುಗಳು ಮುತ್ತು ತೆಗೆಯುವಾಗ ಸಾಮಾನ್ಯವಾಗಿ ಸಾಯುತ್ತವೆ. ಇದು ಸ್ಪಷ್ಟವಾಗಿ ಸಂಕಲ್ಪೀ ಹಿಂಸೆ, ಕೊಳ್ಳುವವನದು ಅನುಮೋದನೆ. ಮೀನೆಣ್ಣೆಯ ಗುಳಿಗೆ, ಏಡಿ-ಸಿಗಡಿಗಳ ಕವಚದಿಂದ ತೆಗೆದ ಕೀಲುನೋವಿನ ಗ್ಲೂಕೋಸಮೈನ್, ಚಿಪ್ಪು ಸುಟ್ಟು ಮಾಡಿದ ಸುಣ್ಣ ಇವೂ ನಮ್ಮ ಮನೆಗಳನ್ನು ಸದ್ದಿಲ್ಲದೆ ಹೊಕ್ಕಿವೆ. ಮೀನಿನಲ್ಲಿರುವ ಒಮೆಗಾ-3 ಮೂಲತಃ ಪಾಚಿಯಿಂದ ಬಂದದ್ದು; ಪಾಚಿಯಿಂದಲೇ ತೆಗೆದ ಗುಳಿಗೆಗಳು ದೊರೆಯುತ್ತವೆ. ವೈದ್ಯರನ್ನು ಕೇಳಿ ಬದಲಿಸಿಕೊಳ್ಳಬಹುದು. ಗೋಡೆಗೆ ಕಲ್ಲುಸುಣ್ಣ ಸಾಕು.

ಬಸದಿಗಳ ಆಡಳಿತ ಮಂಡಳಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಹಿರಿಯರಿಂದ ಬಂದ ಮುತ್ತು, ಶಂಖಗಳನ್ನು ಎಸೆಯುವುದು ಬೇಡ. ಅವುಗಳನ್ನು ತ್ಯಜಿಸಿದರೆ ಹೋದ ಜೀವ ಮರಳದು. ಹೊಸದಾಗಿ ಕೊಳ್ಳುವುದನ್ನು ನಿಲ್ಲಿಸಿ, ಕಾಣಿಕೆಯಾಗಿ ಮುತ್ತು ಕೊಡಲು ಬರುವ ಭಕ್ತರಿಗೆ ಬೇರೆ ದಾನವನ್ನು ಸೂಚಿಸಿರಿ. ಕಡಲತೀರದ ಬೆಸ್ತರನ್ನು ನಿಂದಿಸುವುದೂ ಬೇಡ. ಮೊದಲು ಬಲೆಗೆ ಬಿದ್ದ ಮೀನನ್ನು ಬಿಟ್ಟುಬಿಡುವೆನೆಂಬ ಒಂದೇ ನಿಯಮದಿಂದ ಉದ್ಧಾರವಾದ ಮೃಗಸೇನ ಧೀವರನ ಕಥೆ ನಮ್ಮದೇ ಪುಣ್ಯಕಥೆ. ಬಲೆಯಿಂದಲೇ ಜೀವಿಸುವವನು ಅಷ್ಟು ಪಾಲಿಸಿದನು. ಅಂಗಡಿಯಿಂದ ಜೀವಿಸುವ ನಾವು ಕೊಳ್ಳುವ ಮುನ್ನ ಒಂದು ಪ್ರಶ್ನೆ ಕೇಳುವಷ್ಟನ್ನಾದರೂ ಪಾಲಿಸಬಾರದೇ?