ಪಾಳುಬಿದ್ದ ಹೊಲ ಕೇಳುವ ಪ್ರಶ್ನೆ



ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯ ಹಾದಿಗಳಲ್ಲಿ ನಡೆಯುವಾಗ ರಾಗಿ ಹೊಲ, ತೆಂಗಿನ ತೋಟಗಳ ನಡುವೆ ಉಳುಮೆ ಕಾಣದ ಒಂದು ತುಂಡು ಭೂಮಿ ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಮಕ್ಕಳು ಬೆಂಗಳೂರು ಸೇರಿದ್ದಾರೆ, ಹೆತ್ತವರಿಗೆ ಕೈಲಾಗದು. "ಹೊಲ ಪಾಳುಬಿತ್ತು" ಎಂದು ನಾವು ನಿಟ್ಟುಸಿರು ಬಿಡುತ್ತೇವೆ. ಆದರೆ ಪಾಳುಬಿದ್ದದ್ದು ಹೊಲವೋ, ಹೊಲದ ಮೇಲೆ ನಮಗಿದ್ದ ಹಿಡಿತವೋ?

ಆ ನೆಲವನ್ನೇ ಗಮನಿಸೋಣ. ಮೊದಲ ಮಳೆಗೆ ತುಂಬೆ, ಕಾಂಗ್ರೆಸ್ ಗಿಡಗಳಂತಹ ಅಲ್ಪಾಯುಷಿಗಳು ಎದ್ದು, ಬೀಜ ಚೆಲ್ಲಿ, ಒಣಗಿ ಮಣ್ಣಾಗುತ್ತವೆ. ಬಳಿಕ ಗರಿಕೆ ಮೊದಲಾದ ಹುಲ್ಲುಗಳು ಬೇರೂರಿ ಮಣ್ಣನ್ನು ಹಿಡಿದಿಡುತ್ತವೆ. ಕೆಲವು ವರ್ಷಗಳಲ್ಲಿ ತಂಗಡಿಯಂತಹ ಪೊದೆಗಳು ಮೇಲೇಳುತ್ತವೆ. ಪೊದೆಯ ಮೇಲೆ ಕುಳಿತ ಹಕ್ಕಿ ಬೇವಿನ ಬೀಜವನ್ನೋ ಶ್ರೀಗಂಧದ ಬೀಜವನ್ನೋ ಉದುರಿಸುತ್ತದೆ. ಶ್ರೀಗಂಧವು ಒಂಟಿಯಾಗಿ ಬಾಳಲಾರದ ಮರ. ಅದು ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ಕೂಡಿಸಿ ಬೆಳೆಯುತ್ತದೆ. ಯಾರೂ ಕಳೆಯೆಂದು ತಿರುಗಿ ನೋಡದ ಪೊದೆಯ ಆಸರೆಯಲ್ಲಿ ನಾಡಿನ ಅತ್ಯಮೂಲ್ಯ ಮರವೊಂದು ಮೊಳೆಯಬಲ್ಲದು!

ಬರಿಯ ಬಂಡೆಯ ಮೇಲೂ ಇದೇ ಕಥೆ, ಇನ್ನೂ ನಿಧಾನವಾಗಿ. ಮೊದಲು ಕಲ್ಲುಹೂವು, ಬಳಿಕ ಹಾವಸೆ, ಅದರಲ್ಲಿ ಸಿಕ್ಕ ಧೂಳಿನಲ್ಲಿ ಹುಲ್ಲು. ಇದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಹತ್ತನೇ ಶತಮಾನದ ಶಿಲ್ಪಿಯು ಗೊಮ್ಮಟನ ಕಾಲಬಳಿ ಹುತ್ತವನ್ನೂ, ತೊಡೆ ತೋಳುಗಳ ಮೇಲೆ ಹಬ್ಬಿದ ಬಳ್ಳಿಯನ್ನೂ ಕೆತ್ತಿದ್ದಾನೆ. ಮನುಷ್ಯನು ಅಲುಗದೆ ನಿಂತಲ್ಲಿ ಪ್ರಕೃತಿಯು ಮುಂದುವರಿಯುತ್ತದೆಂಬುದನ್ನು ಅವನು ಬಲ್ಲವನಾಗಿದ್ದನು.

ಒಂದು ಜೀವಸಮುದಾಯದ ಸ್ಥಾನಕ್ಕೆ ಇನ್ನೊಂದು ಬರುವ ಈ ಪರಿಯನ್ನು ವಿಜ್ಞಾನಿಗಳು ಪರಿಸರ ಅನುಕ್ರಮವೆನ್ನುತ್ತಾರೆ. ಅಮೆರಿಕದ ಕ್ಲೆಮೆಂಟ್ಸ್ 1916ರಲ್ಲಿ, ಇದು ಶಿಶುವು ಪ್ರೌಢನಾಗುವಂತೆ ಒಂದು ನಿಶ್ಚಿತ ಗುರಿಯತ್ತ ಸಾಗುತ್ತದೆಂದು ವಾದಿಸಿದರು. ಹತ್ತು ವರ್ಷಗಳ ನಂತರ ಗ್ಲೀಸನ್ ಅದನ್ನು ಒಪ್ಪಲಿಲ್ಲ: ಯಾವ ಬೀಜ ಮೊದಲು ಬಿತ್ತು, ಯಾವ ವರ್ಷ ಮಳೆ ತಪ್ಪಿತು ಎಂಬ ಆಕಸ್ಮಿಕಗಳೂ ಫಲವನ್ನು ನಿರ್ಧರಿಸುತ್ತವೆಂದರು. ಇಂದು ವಿಜ್ಞಾನವು ಹೆಚ್ಚಾಗಿ ಎರಡನೆಯ ಮಾತಿನತ್ತ ವಾಲಿದೆ. ಕೊನೆಯು ಮೊದಲೇ ಬರೆದಿಟ್ಟದ್ದಲ್ಲ. ಆದುದರಿಂದಲೇ ನಡುವಿನಲ್ಲಿ ನಾವು ಮಾಡುವುದಕ್ಕೆ ಬೆಲೆಯಿದೆ.

1977ರಲ್ಲಿ ಕಾನೆಲ್ ಮತ್ತು ಸ್ಲೇಟಿಯರ್ ಎಂಬ ಇಬ್ಬರು ವಿಜ್ಞಾನಿಗಳು, ಮೊದಲು ಬಂದವರು ನಂತರ ಬರುವವರೊಡನೆ ಮೂರು ಬಗೆಯಲ್ಲಿ ವರ್ತಿಸಬಹುದೆಂದು ತೋರಿಸಿದರು: ನೆರವಾಗಬಹುದು, ಸುಮ್ಮನೆ ಸಹಿಸಬಹುದು, ಇಲ್ಲವೆ ತಡೆಯಬಹುದು. ಹುಲ್ಲು ಮಣ್ಣನ್ನು ಸಿದ್ಧಪಡಿಸುತ್ತದೆ. ಆಮೇಲೆ ಬೆಳೆದ ಮರದ ನೆರಳಿನಲ್ಲಿ ತಾನೇ ಕ್ಷೀಣಿಸುತ್ತದೆ. ಆದರೆ 1809ರ ಸುಮಾರಿಗೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ತಂದ ಲಂಟಾನವು ಹಾಗಲ್ಲ. ಒಮ್ಮೆ ದಟ್ಟೈಸಿತೆಂದರೆ ತನ್ನಡಿಯಲ್ಲಿ ಇನ್ನೊಂದು ಸಸಿ ತಲೆಯೆತ್ತಲು ಅದು ಎಡೆಗೊಡುವುದು ವಿರಳ.

ಗಿಡಕ್ಕೆ ತ್ಯಾಗದ ಅರಿವಿಲ್ಲ, ಲಂಟಾನಕ್ಕೆ ಪಾಪವೂ ಇಲ್ಲ. ಆಯ್ದುಕೊಳ್ಳುವ ಹೊಣೆ ಇರುವುದು ನಮಗೆ ಮಾತ್ರ. ನಮ್ಮ ಮನೆಗಳಲ್ಲಿ, ಸಂಘಗಳಲ್ಲಿ, ಧರ್ಮಕೇಂದ್ರದ ಸಮಿತಿಗಳಲ್ಲಿ ಮೊದಲು ಬಂದ ನಾವು ಈ ಮೂವರಲ್ಲಿ ಯಾರು? "ನಾನು ಕಟ್ಟಿದ್ದು" ಎನ್ನುವ ಮಾತು ಎಷ್ಟು ಬೇಗ "ನಾನಿಲ್ಲದೆ ನಡೆಯದು" ಎಂದಾಗುತ್ತದೆ! ತನ್ನ ಹಿಂದೆ ಬಂದವನು ಬೆಳೆಯುವುದನ್ನು ಕಂಡು ಸಂತೋಷಪಟ್ಟ ಸ್ನಾನಿಕ ಯೊವಾನ್ನರನ್ನು ನಾವು ಗೌರವಿಸುತ್ತೇವೆ; ಆ ಸಂತೋಷವನ್ನು ಕಲಿಯುವುದು ಮಾತ್ರ ಕಷ್ಟ.

ಹಾಗಾದರೆ ಎಲ್ಲವನ್ನೂ ಅದರ ಪಾಡಿಗೆ ಬಿಟ್ಟುಬಿಡುವುದೇ ಧರ್ಮವೇ? ಅಲ್ಲವೆಂದು ನಮ್ಮೂರ ಕೆರೆ ಹೇಳುತ್ತದೆ. ಹೂಳು ತೆಗೆಯದ ಕೆರೆಯಲ್ಲಿ ನೀರು ತೆಳುವಾಗಿ ಜೊಂಡು ಹಬ್ಬುತ್ತದೆ. ಜೊಂಡು ಕೊಳೆತು ನೆಲವಾಗುತ್ತದೆ. ನೆಲದಲ್ಲಿ ಜಾಲಿ ಏಳುತ್ತದೆ. ಅದೂ ಅನುಕ್ರಮವೇ. ಕೆರೆಯು ಕೆರೆಯಾಗಿ ಉಳಿದದ್ದು, ತಲೆಮಾರಿನಿಂದ ತಲೆಮಾರಿಗೆ ಜನರು ಹೂಳೆತ್ತಿ, ಏರಿ ಭದ್ರಪಡಿಸಿ, ತೂಬು ಕಾಯ್ದದ್ದರಿಂದ. ಕೆಲವನ್ನು ಬಿಟ್ಟುಕೊಡುವುದು ಪ್ರೀತಿ, ಕೆಲವನ್ನು ಬಿಡದೆ ಕಾಯುವುದೂ ಪ್ರೀತಿ. ಎರಡನ್ನು ಬೇರ್ಪಡಿಸುವ ಅಳತೆಗೋಲು ಒಂದೇ: ಇದರಿಂದ ಬದುಕುವವರು ಯಾರು? ನಾನೊಬ್ಬನೇ ಆದರೆ ಅದು ಹಟ. ನನ್ನ ನಂತರದವರೂ ಆದರೆ ಅದು ಪಾಲನೆ.

ಶೆಟ್ಟಿಹಳ್ಳಿಯನ್ನು ನೀವು ನೋಡಿರಬಹುದು. ಫ್ರೆಂಚ್ ಮಿಷನರಿಗಳು 19ನೇ ಶತಮಾನದಲ್ಲಿ ಕಟ್ಟಿದ ಜಪಮಾಲೆ ಮಾತೆಯ ದೇವಾಲಯವದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಜಲಾಶಯಕ್ಕಾಗಿ ಜನರು ಊರು ಬಿಟ್ಟರು. ಛಾವಣಿ ಕಳೆದುಕೊಂಡ ಗೋಡೆಗಳನ್ನು ಮಳೆಗಾಲದ ನೀರು ಸುತ್ತುವರಿಯುತ್ತದೆ. ನೀರು ಇಳಿದಾಗ ಅದೇ ನೆಲದಲ್ಲಿ ಹುಲ್ಲು ಹಸುರಾಗುತ್ತದೆ. ಮತ್ತೆ ನೀರು ಏರಿದರೆ ಎಲ್ಲವೂ ಮೊದಲಿನಿಂದ. ಅಲ್ಲಿ ಹುಲ್ಲು ಕಾಡಾಗುವಷ್ಟು ಕಾಲಾವಕಾಶವನ್ನು ನೀರು ಕೊಡುವುದಿಲ್ಲ. ಆದರೆ ಅಲ್ಲಿ ಪ್ರಾರ್ಥಿಸಿದವರು ತಮ್ಮ ಪ್ರಾರ್ಥನೆಯನ್ನು ಹೊಸ ನೆಲಕ್ಕೆ ಕೊಂಡೊಯ್ದರು. ಕಳೆದುಕೊಂಡದ್ದರ ನೋವು ಸುಳ್ಳಲ್ಲ. ನೀರುಂಡ ಹೊಲಗಳ ಫಸಲೂ ಸುಳ್ಳಲ್ಲ. ಒಬ್ಬರ ಫಸಲಿಗಾಗಿ ಊರು ಬಿಟ್ಟುಕೊಟ್ಟವರನ್ನು ಮರೆಯದಿರುವುದು ಉಳಿದವರ ಋಣ.

ಮುಂದಿನ ಬಾರಿ ಪಾಳುಬಿದ್ದ ಹೊಲದ ಬದುವಿನಲ್ಲಿ ಒಂದು ಕ್ಷಣ ನಿಲ್ಲಿರಿ. ಪೊದೆಯ ಬುಡದಲ್ಲಿ ಬೇವಿನ ಸಸಿಯೊಂದು ಕಂಡರೆ ಮಕ್ಕಳಿಗೆ ತೋರಿಸಿರಿ. ಆ ಮರದ ನೆರಳಲ್ಲಿ ಕೂರುವವರು ಬಹುಶಃ ನಾವಲ್ಲ. ಆದರೂ ಅದನ್ನು ತುಳಿಯದೆ ನಡೆಯುವುದು ನಮ್ಮ ಕೈಯಲ್ಲಿದೆ.