ಯೋಚನೆಗೆ ಸಾಕ್ಷಿ ಕೇಳುವ ಚಿಕಿತ್ಸೆ

‘ನನ್ನ ಕೈಲಿ ಆಗಲ್ಲಮ್ಮ’ ಎಂದು ಹದಿನಾರರ ಮಗಳು ಹೇಳಿದಾಗ ಮನೆಯಲ್ಲಿ ಬರುವ ಉತ್ತರಗಳು ನಮಗೆಲ್ಲ ಗೊತ್ತಿರುವಂಥವೇ. ‘ಸುಮ್ನೆ ತಲೆ ಕೆಡಿಸ್ಕೋಬೇಡ, ಎಲ್ಲ ಸರಿಹೋಗತ್ತೆ’ ಎಂದು ಅಮ್ಮ. ‘ನಿನಗೇನು ಕಮ್ಮಿ ಮಾಡಿದ್ದೀವಿ ಹೇಳು?’ ಎಂದು ಅಪ್ಪ. ‘ನಾವೆಲ್ಲ ಸ್ಕೂಲಿಗೆ ನಡ್ಕೊಂಡು ಹೋಗ್ತಿದ್ವಿ’ ಎಂದು ಅಜ್ಜ. ಮೂವರಿಗೂ ಅವಳ ಮೇಲೆ ಜೀವ. ಆದರೂ ಮೂವರೂ ಮಾತನ್ನು ಅಲ್ಲಿಗೇ ಮುಗಿಸಿದರು. ಏನು ಆಗಲ್ಲ, ಯಾವಾಗಿನಿಂದ ಆಗಲ್ಲ, ಆಗಲ್ಲ ಅಂತ ನಿನಗೆ ಗೊತ್ತಾದದ್ದು ಹೇಗೆ ಎಂದು ಯಾರೂ ಕೇಳಲಿಲ್ಲ.

ಹೀಗೆ ಕೇಳುವುದನ್ನೇ ಒಂದು ಚಿಕಿತ್ಸೆಯಾಗಿ ಕಟ್ಟಿದವರು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಆರನ್ ಬೆಕ್. 1921ರಲ್ಲಿ ಹುಟ್ಟಿ, ನೂರು ವರ್ಷ ತುಂಬಿ ಬಾಳಿ, 2021ರ ನವೆಂಬರ್‌ನಲ್ಲಿ ತೀರಿಕೊಂಡವರು. ಅವರು ಕಲಿತದ್ದು ಫ್ರಾಯ್ಡ್ ಪರಂಪರೆಯಲ್ಲಿ. ಖಿನ್ನತೆಯ ಬೇರು ಒಳಗೆ ಅದುಮಿಟ್ಟ ಸಿಟ್ಟಿನಲ್ಲಿದೆ ಎಂದು ಆ ಪರಂಪರೆ ಹೇಳುತ್ತಿತ್ತು. ಅದನ್ನು ರುಜುವಾತು ಮಾಡಲೆಂದೇ ಬೆಕ್ ರೋಗಿಗಳ ಕನಸುಗಳನ್ನು ಕಲೆಹಾಕಿ ನೋಡಿದರು. ಅಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಸಿಕ್ಕಿದ್ದು ಸೋಲು, ಕಳೆದುಕೊಳ್ಳುವಿಕೆ, ಕೈಬಿಟ್ಟು ಹೋದವರು. ಒಮ್ಮೆ ಒಬ್ಬಾಕೆ ಅವರೆದುರು ತನ್ನ ಬದುಕಿನ ಸಂಗತಿಗಳನ್ನು ಬಣ್ಣ ಕಟ್ಟಿ ಹೇಳುತ್ತಿದ್ದರೂ ಒಳಗೊಳಗೇ ಆತಂಕದಲ್ಲಿದ್ದಳು. ವಿಚಾರಿಸಿದಾಗ, ‘ನನ್ನ ಮಾತು ಈ ಡಾಕ್ಟರಿಗೆ ಬೇಜಾರು ತರಿಸ್ತಿದೆ’ ಎಂಬ ಯೋಚನೆ ಅವಳ ತಲೆಯಲ್ಲಿ ಆ ಹೊತ್ತೆಲ್ಲ ಓಡುತ್ತಲೇ ಇತ್ತು ಎಂದು ತಿಳಿಯಿತು. ಬಾಯಿ ಆಡುವ ಮಾತಿನ ಅಡಿಯಲ್ಲಿ ಇನ್ನೊಂದು ಮಾತು ತಾನಾಗಿ ಹರಿಯುತ್ತಿರುತ್ತದೆ. ಚುಟುಕಾಗಿ, ಥಟ್ಟನೆ ಬಂದುಹೋಗುವ ಆ ಯೋಚನೆಯನ್ನು ಯಾರೂ ಪರೀಕ್ಷಿಸುವುದಿಲ್ಲ, ಸತ್ಯವೆಂದೇ ನಂಬಿಬಿಡುತ್ತೇವೆ. ಬೆಕ್ ಅದನ್ನು ಹಿಡಿದು ಮೇಜಿನ ಮೇಲಿಟ್ಟರು. 1979ರಲ್ಲಿ ಸಹೋದ್ಯೋಗಿಗಳೊಂದಿಗೆ ಅವರು ಬರೆದ ಖಿನ್ನತೆಯ ಚಿಕಿತ್ಸೆಯ ಪುಸ್ತಕ ಜಗತ್ತಿನಾದ್ಯಂತ ಪಠ್ಯವಾಯಿತು. ಯೋಚನೆಯ ಜೊತೆಗೆ ನಡವಳಿಕೆಯನ್ನೂ ತಿದ್ದುವ ಈ ಕ್ರಮಕ್ಕೆ ಈಗ ಆಸ್ಪತ್ರೆಗಳಲ್ಲಿ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ) ಎಂದೇ ಹೆಸರು.

ಇದರ ಬಗ್ಗೆ ಮಾತೆತ್ತಿದರೆ ಹಲವರು ‘ಪಾಸಿಟಿವ್ ಥಿಂಕಿಂಗ್ ತಾನೇ’ ಎನ್ನುತ್ತಾರೆ. ಖಂಡಿತ ಅಲ್ಲ. ‘ನೀನು ಜಾಣೆ, ನಿನ್ನಿಂದ ಸಾಧ್ಯ’ ಎಂದು ಗೋಡೆಗೆ ಚೀಟಿ ಅಂಟಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಹೇಗೆ ನಡೆಯುತ್ತದೆ ಎಂಬುದಕ್ಕೆ ನಮ್ಮಲ್ಲಿ ಪ್ರತಿವರ್ಷ ಜೂನ್-ಜುಲೈನಲ್ಲಿ ಕಾಣುವ ಒಂದು ಸಂಕಟವನ್ನೇ ಎತ್ತಿಕೊಳ್ಳುತ್ತೇನೆ. ಹಳ್ಳಿಯ ಕನ್ನಡ ಮಾಧ್ಯಮದ ಶಾಲೆಯಲ್ಲಿ ಹತ್ತನೇ ತರಗತಿಗೆ ಶೇ 90ಕ್ಕೂ ಹೆಚ್ಚು ಅಂಕ ಪಡೆದ ಹುಡುಗಿ, ಜಿಲ್ಲಾ ಕೇಂದ್ರದ ಹಾಸ್ಟೆಲ್ ಸೇರಿ, ಇಂಗ್ಲಿಷಿನಲ್ಲಿ ಪಿಯುಸಿ ಸೈನ್ಸ್ ಓದಲು ಕೂತಿದ್ದಾಳೆ ಎಂದಿಟ್ಟುಕೊಳ್ಳಿ. ಮೊದಲ ಟೆಸ್ಟಿನಲ್ಲಿ ಫಿಜಿಕ್ಸ್ ಕೈಕೊಟ್ಟಿದೆ. ಊಟ ಸೇರುತ್ತಿಲ್ಲ, ಬೆಳಿಗ್ಗೆ ಎದ್ದರೆ ಹೊಟ್ಟೆನೋವು, ಮನೆಗೆ ಫೋನ್ ಮಾಡುವುದನ್ನೂ ಬಿಟ್ಟಿದ್ದಾಳೆ. ಚಿಕಿತ್ಸಕಿಯೊಂದಿಗೆ ಅವಳ ಮಾತುಕತೆ ಹೀಗಿರಬಹುದು:

‘ಪೇಪರ್ ಕೈಗೆ ಬಂದ ಕೂಡಲೇ ಮನಸ್ಸಿಗೆ ಏನು ಬಂತು?’

‘ನಾನು ದಡ್ಡಿ ಅಂತ, ಮೇಡಂ. ಹತ್ತನೇಲಿ ಬಂದಿದ್ದೆಲ್ಲ ಸುಳ್ಳು ಅಂತ.’

‘ಅದನ್ನ ಎಷ್ಟು ನಂಬ್ತೀಯ? ನೂರಕ್ಕೆ ಎಷ್ಟು?’

‘ತೊಂಬತ್ತು.’

‘ಸರಿ. ದಡ್ಡಿ ಅನ್ನೋದಕ್ಕೆ ಏನೇನು ಸಾಕ್ಷಿ ಇದೆ? ಒಂದೂ ಬಿಡದೆ ಹೇಳು, ಬರ್ಕೊಳೋಣ.’

‘ಮಾರ್ಕ್ಸ್ ಬಂದಿಲ್ಲ. ಸರ್ ಹೇಳೋದು ತಲೆಗೆ ಹೋಗಲ್ಲ. ಪಕ್ಕದಲ್ಲಿ ಕೂರೋಳಿಗೆ ಎಲ್ಲ ಅರ್ಥ ಆಗತ್ತೆ.’

‘ಅವಳು ಯಾವಾಗಿಂದ ಇಂಗ್ಲಿಷ್ ಮೀಡಿಯಂ?’

‘ಎಲ್‌ಕೆಜಿಯಿಂದ.’

‘ಅದೇ ಪ್ರಶ್ನೆಗಳನ್ನ ಕನ್ನಡದಲ್ಲಿ ಕೇಳಿದ್ರೆ?’

‘... ಕೆಲವು ಬರ್ತಿತ್ತು, ಮೇಡಂ.’

‘ಅದನ್ನೂ ಬರ್ಕೊಳೋಣ. ಈಗ ತೊಂಬತ್ತು ಎಷ್ಟಾಯ್ತು?’

‘ಎಪ್ಪತ್ತು ಇರಬಹುದು.’

ಎಪ್ಪತ್ತು ಅಷ್ಟೇ. ಅದು ಸೊನ್ನೆಗೆ ಇಳಿಯಲಿಲ್ಲ, ಇಳಿಯಬೇಕೆಂದು ಯಾರೂ ಹಟ ಹಿಡಿಯಲಿಲ್ಲ. ನೀನು ಜಾಣೆ ಎಂದು ಆಕೆ ಒಮ್ಮೆಯೂ ಹೇಳಲಿಲ್ಲ. ಹೇಳಿದ್ದರೆ ಹುಡುಗಿ ನಂಬುತ್ತಲೂ ಇರಲಿಲ್ಲ. ದೊಡ್ಡವರು ಸಮಾಧಾನಕ್ಕೆ ಹೇಳುವ ಮಾತು ಯಾವುದು ಎಂಬುದು ಈ ವಯಸ್ಸಿನವರಿಗೆ ಬಹಳ ಬೇಗ ಗೊತ್ತಾಗುತ್ತದೆ. ತನ್ನ ಯೋಚನೆಗೆ ತಾನೇ ಸಾಕ್ಷಿ ಹುಡುಕಿ, ಸಾಕ್ಷಿ ಸಾಲದು ಎಂದು ತಾನೇ ಕಂಡುಕೊಂಡದ್ದರಿಂದ ಆ ಇಪ್ಪತ್ತು ಅವಳದೇ ಸಂಪಾದನೆ. ಹದಿಹರೆಯದವರಿಗೆ ಈ ಕ್ರಮ ಒಗ್ಗುವುದೂ ಇದಕ್ಕೇ ಎಂದು ನನಗನ್ನಿಸುತ್ತದೆ. ಎಲ್ಲರ ಮಾತನ್ನೂ ಪ್ರಶ್ನಿಸುವ ವಯಸ್ಸು ಅದು. ಆ ಪ್ರಶ್ನಿಸುವ ಗುಣವನ್ನು ತನ್ನೊಳಗಿನ ನಿಂದಕನ ಕಡೆಗೂ ತಿರುಗಿಸು ಎಂದು ಚಿಕಿತ್ಸೆ ಹೇಳಿಕೊಡುತ್ತದೆ.

ಇಷ್ಟಕ್ಕೇ ಮುಗಿದರೆ ಅರ್ಧ ಕೆಲಸ. ಮುಂದಿನ ವಾರದೊಳಗೆ ಅವಳು ತರಗತಿ ಮುಗಿದ ಮೇಲೆ ಉಪನ್ಯಾಸಕರ ಬಳಿ ಹೋಗಿ ಒಂದೇ ಒಂದು ಸಂದೇಹ ಕೇಳಬೇಕು. ಹೋಗುವ ಮೊದಲು, ಏನಾಗುತ್ತದೆಂದು ಅನ್ನಿಸುತ್ತಿದೆಯೋ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು: ‘ಸರ್ ಬೈತಾರೆ, ಎಲ್ಲರೂ ನಗ್ತಾರೆ.’ ಕೇಳಿಬಂದ ಮೇಲೆ, ನಿಜಕ್ಕೂ ಏನಾಯಿತೋ ಅದನ್ನು ಅದರ ಪಕ್ಕದಲ್ಲೇ ಬರೆಯಬೇಕು. ಹೀಗೆ ನಾಲ್ಕಾರು ಸಲ ಎರಡನ್ನೂ ಹೋಲಿಸಿದರೆ ಮನಸ್ಸು ಕಡ್ಡಿಯನ್ನು ಗುಡ್ಡ ಮಾಡುವ ಪರಿ ಕಣ್ಣಿಗೇ ಕಾಣುತ್ತದೆ. ಖಿನ್ನತೆ ಹಿಡಿದ ಮಕ್ಕಳಲ್ಲಿ ಬಹಳ ಸಲ ನಡವಳಿಕೆಯಿಂದಲೇ ಶುರುಮಾಡುತ್ತಾರೆ. ಬೇಸರವೆಂದು ಆಟ ಬಿಟ್ಟರೆ ಗೆಳೆಯರು ದೂರವಾಗುತ್ತಾರೆ, ಗೆಳೆಯರಿಲ್ಲವೆಂದು ಬೇಸರ ಇನ್ನಷ್ಟು ಹೆಚ್ಚುತ್ತದೆ. ಅಮೆರಿಕದ ಆರೆಗನ್‌ನಲ್ಲಿ ಪೀಟರ್ ಲೆವಿನ್ಸನ್ ಮತ್ತು ಅವರ ತಂಡ ಈ ಸುತ್ತನ್ನು ತುಂಡರಿಸುವುದನ್ನು ಹದಿಹರೆಯದವರಿಗೆ ಪಾಠದಂತೆ, ಗುಂಪಾಗಿ ಕೂರಿಸಿ ಕಲಿಸಿತು. ಮನಸ್ಸು ಬಂದ ಮೇಲೆ ಎದ್ದು ಹೋಗುತ್ತೇನೆ ಎಂದು ಕಾಯುವುದು ಬೇಡ. ಸಂಜೆ ಹತ್ತು ನಿಮಿಷ ಹೊರಗೆ ಹೋಗು, ಮನಸ್ಸು ಹಿಂದಿನಿಂದ ಬರುತ್ತದೆ.

ಆತಂಕದ ಮಕ್ಕಳ ವಿಷಯದಲ್ಲಿ ಮನೆಯವರೂ ಕಲಿಯಬೇಕಾದದ್ದಿದೆ. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಫಿಲಿಪ್ ಕೆಂಡಲ್ ರೂಪಿಸಿದ, ‘ಕೋಪಿಂಗ್ ಕ್ಯಾಟ್’ ಎಂಬ ಹೆಸರಿನ ಕ್ರಮದಲ್ಲಿ 16 ಭೇಟಿಗಳಿರುತ್ತವೆ. ಅದರ ಉತ್ತರಾರ್ಧವೆಲ್ಲ ಹೆದರಿಕೆಯನ್ನು ಸಣ್ಣದರಿಂದ ದೊಡ್ಡದಕ್ಕೆ, ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವ ಅಭ್ಯಾಸ. ನಮ್ಮ ಮನೆಗಳಲ್ಲಿ ನಡೆಯುವುದು ಇದರ ತಿರುಗುಮುರುಗು. ಅಂಗಡಿಯವನ ಹತ್ತಿರ ಮಾತಾಡಲು ಮಗ ಹಿಂಜರಿದರೆ ‘ಪಾಪ, ಬಿಡು’ ಎಂದು ತಾಯಿಯೇ ಹೋಗಿ ತರುತ್ತಾಳೆ. ಶಾಲೆಯ ದಿನ ಹೊಟ್ಟೆನೋವೆಂದರೆ ರಜೆ. ಆ ಹೊತ್ತಿಗೆ ಮಗುವಿಗೆ ಹಾಯೆನಿಸುತ್ತದೆ, ಆ ಹಾಯಿಯೇ ಹೆದರಿಕೆಗೆ ಗೊಬ್ಬರ. ತಪ್ಪಿಸಿಕೊಂಡಷ್ಟೂ ಭಯ ಬಲಿಯುತ್ತದೆ ಎಂಬುದನ್ನು ಹೆತ್ತವರಿಗೆ ತಿಳಿಸಿ ಹೇಳುವುದಕ್ಕೇ ಒಳ್ಳೆಯ ಚಿಕಿತ್ಸಕರು ಒಂದೆರಡು ಭೇಟಿಗಳನ್ನು ಮೀಸಲಿಡುತ್ತಾರೆ.

ಇನ್ನು ಒಂದು ಮಾತನ್ನು ಒತ್ತಿ ಹೇಳಲೇಬೇಕು. ಮಗುವಿನ ಯೋಚನೆ ಯಾವಾಗಲೂ ತಪ್ಪಾಗಿರುತ್ತದೆ ಎಂದು ಈ ಚಿಕಿತ್ಸೆ ಹೇಳುವುದಿಲ್ಲ. ಆ ಹುಡುಗಿ ಸಂದೇಹ ಕೇಳಿದಾಗ ಉಪನ್ಯಾಸಕರು ಅವಳ ಜಾತಿಯನ್ನೋ ಭಾಷೆಯನ್ನೋ ಎತ್ತಿ ಆಡಿಕೊಂಡರೆ? ಮನೆಯಲ್ಲಿ ಕುಡಿದು ಬಂದು ಹೊಡೆಯುವ ಅಪ್ಪನಿದ್ದರೆ? ಹತ್ತಿರದವರೇ ಮೈಮೇಲೆ ಕೈಹಾಕುತ್ತಿದ್ದರೆ? ಅಲ್ಲಿ ಮಗುವಿನ ಭಯಕ್ಕೆ ಸಾಕ್ಷಿ ಬೇಕಾದಷ್ಟಿದೆ. ‘ಬೇರೆ ಥರ ಯೋಚಿಸಿ ನೋಡು’ ಎನ್ನುವುದು ಅಂಥ ಮಗುವಿಗೆ ಗಾಯದ ಮೇಲೆ ಎಳೆಯುವ ಬರೆ. ಬದಲಾಗಬೇಕಾದದ್ದು ಅದರ ಸುತ್ತಲಿನ ಸ್ಥಿತಿ. ಅಂಥ ಸಂದರ್ಭದಲ್ಲಿ ಶಾಲೆ, ಮಕ್ಕಳ ಸಹಾಯವಾಣಿ 1098, ಪೊಲೀಸರು, ಕಾನೂನು ಮೊದಲು ಬರಬೇಕು. ಆಪ್ತಸಮಾಲೋಚನೆ ಅದರ ಜೊತೆಗೆ. ಈ ವ್ಯತ್ಯಾಸ ತಿಳಿಯದವರು ಸಿಬಿಟಿಯ ನಮೂನೆಗಳನ್ನು ಹಿಡಿದು ಮಕ್ಕಳ ಮುಂದೆ ಕೂರಬಾರದು.

ಇದನ್ನು ಪವಾಡವೆಂದು ಮಾರುವವರನ್ನೂ ನಂಬಬೇಡಿ. ಅಮೆರಿಕದಲ್ಲಿ 12ರಿಂದ 17 ವಯಸ್ಸಿನ, ಸಾಕಷ್ಟು ತೀವ್ರ ಖಿನ್ನತೆಯಿದ್ದ 439 ಮಕ್ಕಳ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2004ರಲ್ಲಿ ಹೊರಬಂತು. 12 ವಾರಗಳ ಕೊನೆಗೆ ಸಿಬಿಟಿಯೊಂದನ್ನೇ ಪಡೆದವರಲ್ಲಿ ಸುಧಾರಿಸಿದವರು ಶೇ 43. ಔಷಧವಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ ಶೇ 35. ಹೇಳಿಕೊಳ್ಳುವಂಥ ಅಂತರವಲ್ಲ. ಫ್ಲೂಆಕ್ಸೆಟಿನ್ ಮಾತ್ರೆಯೊಂದನ್ನೇ ಪಡೆದವರಲ್ಲಿ ಶೇ 61, ಮಾತ್ರೆ ಮತ್ತು ಸಿಬಿಟಿ ಎರಡನ್ನೂ ಪಡೆದವರಲ್ಲಿ ಶೇ 71. ಆದರೆ 36 ವಾರಗಳ ಹೊತ್ತಿಗೆ ಸಿಬಿಟಿಯ ಗುಂಪು ಶೇ 81ಕ್ಕೆ ಏರಿ, ಮಾತ್ರೆಯ ಗುಂಪಿನ ಸಮಕ್ಕೆ ಬಂತು; ಎರಡನ್ನೂ ಪಡೆದವರು ಶೇ 86. ಈ ಅಂಕಿಗಳನ್ನು ಓದಿದರೆ ನನಗೆ ಎರಡು ವಿಷಯ ಸ್ಪಷ್ಟ. ತೀವ್ರ ಖಿನ್ನತೆಯಿರುವ ಮಗುವಿಗೆ ಮನೋವೈದ್ಯರು ಮಾತ್ರೆ ಬರೆದರೆ ‘ಇಷ್ಟು ಚಿಕ್ಕ ವಯಸ್ಸಿಗೆ ಮಾತ್ರೆಯೇ’ ಎಂದು ತಪ್ಪಿಸಬಾರದು. ಹಾಗೆಯೇ ಮೂರು ಭೇಟಿಯಾಯಿತು, ಏನೂ ಗುಣ ಕಾಣಲಿಲ್ಲ ಎಂದು ಸಿಬಿಟಿಯನ್ನು ಅರ್ಧಕ್ಕೆ ಬಿಡಲೂಬಾರದು. ಕಲಿಕೆಗೆ ಕಾಲ ಬೇಕು.

ಈ ಚಿಕಿತ್ಸೆ ಕೊಡುವವರು ಎಲ್ಲಿದ್ದಾರೆ ಎಂಬುದು ನಮ್ಮಲ್ಲಿನ ನಿಜವಾದ ಪ್ರಶ್ನೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವಯಸ್ಸಿನವರಲ್ಲಿ ಶೇ 7.3 ಮಂದಿಗೆ ಮಾನಸಿಕ ಕಾಯಿಲೆಯ ಲಕ್ಷಣಗಳಿದ್ದವು. ನೂರು ಮಕ್ಕಳ ಶಾಲೆಯಲ್ಲಿ ಏಳು ಮಂದಿ. ಇವರೆಲ್ಲರನ್ನೂ ಬೆಂಗಳೂರಿಗೆ ಕರೆತರುವುದು ಆಗದ ಮಾತು. ಆಸ್ಪತ್ರೆಯೇ ಜನರ ಬಳಿಗೆ ಹೋಗಬೇಕೆಂಬ ತಿಳಿವಳಿಕೆ ನಮಗೆ ಹೊಸದೇನಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು, ಸಿಬ್ಬಂದಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅದೇ ದಾರಿಯಲ್ಲಿ ಗೋವಾದ ‘ಸಂಗಾತ್’ ಸಂಸ್ಥೆ, ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರ ನೇತೃತ್ವದಲ್ಲಿ, ದೆಹಲಿಯ ಸರ್ಕಾರಿ ಶಾಲೆಗಳಿಗೆ ಹೋಯಿತು. ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಪದವೀಧರರು ಶಾಲೆಯಲ್ಲೇ ಕೂತು, ಕೆಲವೇ ಭೇಟಿಗಳಲ್ಲಿ, ಸಿಬಿಟಿಯ ಬಳಗದ್ದೇ ಆದ ‘ಸಮಸ್ಯೆ ಬಿಡಿಸುವ’ ಕ್ರಮವನ್ನು ಮಕ್ಕಳಿಗೆ ಕಲಿಸಿದರು. ಮಕ್ಕಳು ತಾವೇ ಹೆಸರಿಸಿದ ಸಮಸ್ಯೆಗಳ ಭಾರ ಇಳಿಯಿತು ಎಂದು 2020ರಲ್ಲಿ ಪ್ರಕಟವಾದ ಆ ಅಧ್ಯಯನ ತೋರಿಸಿತು. ನಮ್ಮ ತಾಲ್ಲೂಕುಗಳ ಪಿಯು ಕಾಲೇಜುಗಳಲ್ಲಿ, ಕನ್ನಡದಲ್ಲಿ ಇದನ್ನು ಮಾಡಲು ಅಡ್ಡಿಯೇನಿದೆ?

ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರನ್ನು ಹೊಂದಿರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಈಗಾಗಲೇ ಪಾಠದ ಹೊರೆ ಹೊತ್ತಿರುವ ಶಿಕ್ಷಕರೊಬ್ಬರಿಗೆ ಎರಡು ದಿನದ ಕಾರ್ಯಾಗಾರ ಮಾಡಿಸಿ, ಬಾಗಿಲಿಗೆ ಬೋರ್ಡು ಹಾಕಿದರೆ ಆ ಮಾತನ್ನು ಪಾಲಿಸಿದಂತಾಗದು. ಪೋಷಕರ ಸಭೆಯಲ್ಲಿ ಅಂಕಪಟ್ಟಿ ಕೇಳುವ ನಾವು, ನಿಮ್ಮಲ್ಲಿ ಆಪ್ತಸಮಾಲೋಚಕರು ಯಾರು, ಅವರು ಏನು ಓದಿದ್ದಾರೆ, ವಾರಕ್ಕೆ ಎಷ್ಟು ದಿನ ಬರುತ್ತಾರೆ ಎಂದೂ ಕೇಳಬೇಕು.

ಮನೆಯಲ್ಲಿ ಹದಿಹರೆಯದವರಿರುವ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಎರಡು ವಾರಕ್ಕೂ ಮಿಕ್ಕಿ ನಿದ್ದೆ, ಊಟ, ಗೆಳೆತನ ಮೂರೂ ಏರುಪೇರಾಗಿದ್ದರೆ ‘ಪರೀಕ್ಷೆ ಮುಗೀಲಿ, ಆಮೇಲೆ ನೋಡೋಣ’ ಎನ್ನಬೇಡಿ. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆದೊಯ್ಯಿರಿ. ಸಾಯುವ ಮಾತು ಬಂದರೆ ಬೆದರಿಕೆ ಎಂದು ತಳ್ಳಿಹಾಕದೆ, ‘ಸಾಯಬೇಕು ಅಂತ ಅನ್ನಿಸ್ತಿದೆಯಾ?’ ಎಂದು ನೇರವಾಗಿ, ಬೈಯದೆ ಕೇಳಿ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಮಗುವನ್ನು ಒಂಟಿಯಾಗಿ ಬಿಡಬೇಡಿ, ಅವತ್ತೇ ವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡುತ್ತದೆ, ಖರ್ಚಿಲ್ಲ. ಅದರ ಸಂಖ್ಯೆ 14416. ನಿಮ್ಮ ಫೋನಿನಲ್ಲೂ ಮಕ್ಕಳ ಫೋನಿನಲ್ಲೂ ಇವತ್ತೇ ಉಳಿಸಿಕೊಳ್ಳಿ.