ನಕ್ಕವನಿಗೂ ಪಾಲಿದೆ

ರಾಷ್ಟ್ರಪತಿ ಚುನಾವಣೆಯಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಶ್ರಾವಕರಿಗೆ ಮತವಿಲ್ಲ. ಅವರು ಆರಿಸಿದ ಶಾಸಕರಿಗೂ ಸಂಸದರಿಗೂ ಉಂಟು. ಆದರೂ ಅಭ್ಯರ್ಥಿಗಳನ್ನು ಹಳಿಯುವ ಚಿತ್ರಗಳು ಇಂದು ನಮ್ಮ ಕೈಯಲ್ಲಿನ ಮೊಬೈಲಿಗೇ ಬರುತ್ತವೆ. ನೋಡಿ ನಗುತ್ತೇವೆ, ಮತ್ತೊಬ್ಬರಿಗೆ ಕಳುಹಿಸುತ್ತೇವೆ. ಬರೆದವನು ಬೇರೊಬ್ಬನಾಗಿರುವಾಗ ನಕ್ಕವನಿಗೆ ದೋಷವುಂಟೇ?

ವ್ಯಂಗ್ಯಚಿತ್ರವೆಲ್ಲವೂ ಹಿಂಸೆಯೆನ್ನಲಾಗದು. 1975ರ ಡಿಸೆಂಬರಿನಲ್ಲಿ, ತುರ್ತುಪರಿಸ್ಥಿತಿಯ ನಡುವೆ, ಅಬು ಅಬ್ರಹಾಂ ಅವರು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದರು ಸ್ನಾನದ ತೊಟ್ಟಿಯಲ್ಲಿದ್ದುಕೊಂಡೇ ಸುಗ್ರೀವಾಜ್ಞೆಗೆ ಸಹಿ ಮಾಡಿ ಕೊಡುವಂತೆ ಚಿತ್ರಿಸಿದರು. ಅದು ಕಲ್ಪನೆಯೆಂದು ನೋಡಿದವರಿಗೆಲ್ಲ ತಿಳಿದಿತ್ತು. ಸಹಿಯ ಅವಸರ ಮಾತ್ರ ಕಲ್ಪನೆಯಾಗಿರಲಿಲ್ಲ. ಆ ಮಹನೀಯರಿಗೆ ನೋವಾಗಿರಲಾರದೆಂದು ಹೇಳಲಾರೆವು. ಆದರೆ ಚಿತ್ರದ ಗುರಿ ಪದವಿಯ ಕರ್ತವ್ಯವಾಗಿತ್ತೇ ಹೊರತು ವ್ಯಕ್ತಿಯ ಖಾಸಗಿ ಬಾಳಲ್ಲ.

1969ರ ಚುನಾವಣೆಯಲ್ಲಿ ನಡೆದುದು ಬೇರೆ. ಬೆಂಗಳೂರಿನಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಆಯ್ಕೆಯಾದ ನೀಲಂ ಸಂಜೀವ ರೆಡ್ಡಿಯವರ ಶೀಲವನ್ನು ನಿಂದಿಸುವ ಕರಪತ್ರವೊಂದು ಮತದಾರರಲ್ಲಿ ಹರಡಿತು. ಗೆದ್ದವರು ವಿ.ವಿ. ಗಿರಿ. ವ್ಯಾಜ್ಯ ಸುಪ್ರೀಂ ಕೋರ್ಟನ್ನು ಮುಟ್ಟಿ, ಗಿರಿಯವರು ಸ್ವತಃ ಸಾಕ್ಷಿ ನುಡಿದರು. ಕರಪತ್ರಕ್ಕೆ ಅವರ ಸಮ್ಮತಿಯಿತ್ತೆಂಬುದು ಸಿದ್ಧವಾಗದೆ 1970ರಲ್ಲಿ ಅರ್ಜಿಗಳು ವಜಾ ಆದವು. ರೆಡ್ಡಿಯವರು 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು.

ನ್ಯಾಯಾಲಯ ಕೇಳಬೇಕಾದುದು ಗೆದ್ದವರ ಸಮ್ಮತಿಯನ್ನು. ಧರ್ಮ ಅದೇ ಪ್ರಶ್ನೆಯನ್ನು ಓದಿದ ಪ್ರತಿಯೊಬ್ಬನಿಗೂ ಕೇಳುತ್ತದೆ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಪರರ ಗುಟ್ಟನ್ನು ಬಯಲು ಮಾಡುವ ರಹೋಭ್ಯಾಖ್ಯಾನವನ್ನೂ ಸುಳ್ಳು ಬರಹವಾದ ಕೂಟಲೇಖಕ್ರಿಯೆಯನ್ನೂ ಎಣಿಸಿದೆ. ಕರ್ಮಾಸ್ರವಕ್ಕೆ ತಾನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರೂ ದ್ವಾರಗಳೇ. ಸಂರಂಭಾದಿ ಮೂರು, ಮನೋವಾಕ್ಕಾಯಗಳು ಮೂರು, ಕೃತ-ಕಾರಿತ-ಅನುಮತಗಳು ಮೂರು, ಕಷಾಯಗಳು ನಾಲ್ಕು. ಇವನ್ನು ಗುಣಿಸಿದರೆ 108. ಜಪಮಾಲೆಯ ಮಣಿಗಳೂ ಅಷ್ಟೇ.

ನಗು ಅನುಮೋದನೆಯ ಅತಿ ಸುಲಭವಾದ ರೂಪ. ಅದಕ್ಕೆ ಸಹಿ ಬೇಡ, ಸಾಕ್ಷಿ ಬೇಡ. ಆದ್ದರಿಂದಲೇ ಅದನ್ನು ಪರೀಕ್ಷಿಸಬೇಕು: ಈ ಚಿತ್ರ ಒಂದು ಕೃತ್ಯವನ್ನು ತೋರಿಸುತ್ತಿದೆಯೇ, ಅಥವಾ ಒಬ್ಬ ಜೀವಿಯನ್ನು ಹೀನಗೊಳಿಸುತ್ತಿದೆಯೇ? ಎದುರು ಪಕ್ಷದವನ ಬದಲು ನಮಗೆ ಬೇಕಾದವನನ್ನು ಹೀಗೆ ಬರೆದಿದ್ದರೂ ನಗುತ್ತಿದ್ದೆವೇ?

ಬಸದಿಯ ಪೂಜೆ, ಪಂಚಕಲ್ಯಾಣಗಳ ಸುದ್ದಿಗೆಂದು ಮೊಬೈಲಿನಲ್ಲಿ ಕಟ್ಟಿಕೊಂಡ ಬಳಗಗಳಿಗೂ ಇಂಥ ಚಿತ್ರಗಳು ನುಸುಳುತ್ತವೆ. ಅವನ್ನು ಅಲ್ಲಿಯೇ ತಡೆಯುವುದು ಟ್ರಸ್ಟಿನ ಹಿರಿಯರಿಗೆ ಕಷ್ಟವಲ್ಲ. ರಾಷ್ಟ್ರಪತಿ ಚುನಾವಣೆಯಲ್ಲಿ ನಮಗೆ ಮತವಿಲ್ಲದಿರಬಹುದು, ಅನುಮೋದನೆಯಂತೂ ನಮ್ಮದೇ. ಕೊಡುವ ಮುನ್ನ ಒಂದು ಕ್ಷಣ ನಿಲ್ಲೋಣ.